ಆರನೆಯ ಬಂಡೆ

ಗಾಜಿನ ಜಾಡಿ ಒಂದಕ್ಕೆ ಎರಡು ರೂಪಾಯಿ ಎಪ್ಪತ್ತೈದು ಪೈಸೆ, ಮಂಗಳೂರಿನಿಂದ ತರಿಸಿದ ಫಾರ್ಮಲಿನ್ ಬಾಟಲಿಗೆ ಹದಿನೆಂಟು, ಬಂಡೆಗಳಿಗೆ ನಂಬರು ಬರೆಯಲು ತಂದ ಕೆಂಪು ಪೇಂಟಿನ ಡಬ್ಬಿಗೆ ಒಂಬತ್ತು, ನಾರಿನ ಹಗ್ಗಕ್ಕೆ ಆರು. ಅರ್ಧ ಮೀಟರಿನ ಮರದ ಚೌಕಟ್ಟನ್ನು ಮಾತ್ರ ಕಾಪುವಿನ ಬಡಗಿಯೊಬ್ಬ "ಮಕ್ಕಳ ವಿದ್ಯೆಗಲ್ವಾ, ಇರಲಿ" ಎಂದು ಪುಕ್ಕಟೆ ಮಾಡಿಕೊಟ್ಟಿದ್ದ. ಸಾಮಾನು ತಂದವನು ತಾನೇ ಆದ್ದರಿಂದ ಸ್ಟ್ಯಾನಿಸ್ಲಾಸನಿಗೆ ಇದೆಲ್ಲ ಬಾಯಿಪಾಠ. ಬೆಳಗಿನ ಐದು ಗಂಟೆಗೆ ಕಾಪುವಿನ ಶಾಲೆಯ ಕೋಣೆಯಲ್ಲಿ, ಎರಡು ಬೆಂಚು ಜೋಡಿಸಿ ಮಾಡಿದ ಹಾಸಿಗೆಯ ಮೇಲೆ ಎದ್ದು ಕೂತು, ಅವನು ಈ ಬೆಲೆಗಳನ್ನು ಒಂದರ ಹಿಂದೊಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಅವು ಮುಗಿದರೆ ಉಳಿಯುವುದು ನಲವತ್ತೆರಡು ಎಂಬ ಒಂದು ಅಂಕೆ. ಅದಕ್ಕೆ ಅವನಿಗೆ ಒಂದು ಪೈಸೆಯೂ ತಗಲಿರಲಿಲ್ಲ. ಬಾಯಿ ತೆರೆದಿದ್ದ, ಬಂದಿತ್ತು, ಅಷ್ಟೆ.

ಎಪ್ಪತ್ತೊಂಬತ್ತರ ಆ ಬೇಸಿಗೆಯಲ್ಲಿ ಉಡುಪಿಯ ಅವನ ಕಾಲೇಜು ಆರು ಮಂದಿ ವಿದ್ಯಾರ್ಥಿಗಳನ್ನು ಆರು ವಾರಗಳ ಮಟ್ಟಿಗೆ ಕಡಲು ಕಲಿಯಲು ಕಾಪುವಿಗೆ ಕಳಿಸಿತ್ತು. ದೀಪಸ್ತಂಭದ ಕೆಳಗಿನ ಆರು ಬಂಡೆಗಳು ಆರು ಮಂದಿಗೆ. ಅಮಾವಾಸ್ಯೆಗೆ, ಹುಣ್ಣಿಮೆಗೆ ನೀರು ಚೆನ್ನಾಗಿ ಇಳಿದಾಗ ಬಂಡೆಯ ಮೇಲೆ ಚೌಕಟ್ಟು ಇಟ್ಟು, ಅದರೊಳಗೆ ಎಷ್ಟು ಪಚ್ಚಿಲೆ ಚಿಪ್ಪು ಕಚ್ಚಿಕೊಂಡಿದೆ ಎಂದು ಎಣಿಸಬೇಕು. ಎಣಿಸುವುದು ವಿದ್ಯಾರ್ಥಿ, ಪಕ್ಕದಲ್ಲಿ ನಿಂತು ನೋಡಿ, ತಿದ್ದಿ, ಪುಸ್ತಕದಲ್ಲಿ ರುಜು ಹಾಕುವುದು ಸ್ಟ್ಯಾನಿಸ್ಲಾಸ. ನಾಲ್ಕು ವರ್ಷಗಳಿಂದ ಅವನು ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್, ಪ್ರತಿ ಜೂನ್‌ನಲ್ಲಿ ಹೊಸ ಕಾಗದ ಬಂದರೆ ಕೆಲಸ ಉಂಟು, ಬಾರದಿದ್ದರೆ ಇಲ್ಲ. ಶಿಬಿರ ಸರಿಯಾಗಿ ಮುಗಿದರೆ ಈ ಜೂನ್‌ಗೆ ಖಾಯಂ ಮಾಡುತ್ತೇನೆ ಎಂದು ಪ್ರಿನ್ಸಿಪಾಲರು ಹೇಳಿದ್ದರು. ಆ ದಿನ ಹೆಂಡತಿ ರೋಸಲಿನ್ ಅವನ ಬಟ್ಟಲಿಗೆ ಎರಡನೆಯ ಮೊಟ್ಟೆ ಹಾಕಿದ್ದಳು.

ನಿನ್ನೆ ಸಂಜೆ ಕೊಚ್ಚಿಯಿಂದ ಡಾಕ್ಟರ್ ಇಮ್ಯಾನುಯೆಲ್ ಬಂದಿದ್ದರು. ಮೂಲ ಮಂಗಳೂರಿನವರು, ಇಪ್ಪತ್ತು ವರ್ಷ ಕಡಲಿನ ಸಂಶೋಧನೆಯಲ್ಲೇ ಕಳೆದವರು. ಆರು ಮಂದಿಯಲ್ಲಿ ಇಬ್ಬರನ್ನು ಆರಿಸಿ, ಓದು ಮುಗಿದ ಮೇಲೆ ಕೊಚ್ಚಿಗೆ ಕರೆದುಕೊಂಡು ಹೋಗಿ ತಮ್ಮ ಕೈಕೆಳಗೆ ತಯಾರು ಮಾಡುತ್ತೇನೆ ಎಂದು ಮೊದಲೇ ಬರೆದಿದ್ದರು. ಇವತ್ತು ಮಧ್ಯಾಹ್ನ ಮಣಿಪಾಲದ ಸಭೆಯಲ್ಲಿ ಹೆಸರು ಹೇಳಬೇಕು. ಅವರು ಪುಸ್ತಕದ ಹಾಳೆ ತಿರುವುತ್ತ ತಿರುವುತ್ತ ಒಂದು ಕಡೆ ಬೆರಳು ಇಟ್ಟು ನಿಂತುಬಿಟ್ಟರು. "ಇದು ವಿಚಿತ್ರ ಉಂಟಲ್ಲ ಮಾರಾಯ್ರೆ. ಐದು ಬಂಡೆಗಳಲ್ಲಿ ಬಿಸಿಲು ಏರಿದ ಹಾಗೆ ಚಿಪ್ಪು ಸತ್ತು ಕಡಿಮೆ ಆಗಿದೆ. ಆರನೆಯದರಲ್ಲಿ ಮೂವತ್ತೆಂಟು, ನಲವತ್ತೈದು, ನಲವತ್ತೆರಡು. ಬಿಸಿಲು ಇದಕ್ಕೆ ತಾಗುವುದಿಲ್ವಾ? ಇದು ನೋಡಬೇಕಾದ ಬಂಡೆ. ನಾಳೆ ನೀರು ಎಷ್ಟು ಗಂಟೆಗೆ ಇಳಿಯುತ್ತದೆ?" ಯಾರೂ ಹೇಳುವ ಮೊದಲು "ಆರೂ ಇಪ್ಪತ್ತಕ್ಕೆ ಸರ್" ಎಂದವನು ಸ್ಟ್ಯಾನಿಸ್ಲಾಸನೇ. ಕೇಳಿದ ಪ್ರಶ್ನೆಗೆ ತಟ್ಟನೆ ಉತ್ತರ ಕೊಡುವ ಅಭ್ಯಾಸ, ತಾತ್ಕಾಲಿಕ ಕೆಲಸದವನ ಅಭ್ಯಾಸ. ಹೇಳಿದ ಮೇಲೆ ತನ್ನ ನಾಲಿಗೆ ತನ್ನದಲ್ಲ ಎಂದು ಅನ್ನಿಸಿತು.

ಮರಳಿನ ಮೇಲೆ ಈಗ ಎಂಟು ಜೋಡಿ ಕಾಲುಗಳ ಸದ್ದು. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ದೀಪಸ್ತಂಭದ ದೀಪ ತಿರುಗಿ ತಿರುಗಿ ಬಂದಾಗ ಒಬ್ಬೊಬ್ಬರ ಬೆನ್ನು ಬೆಳ್ಳಗಾಗಿ ಮತ್ತೆ ಕಪ್ಪಾಗುತ್ತಿತ್ತು. ಮುಂದೆ ಡಾಕ್ಟರ್, ಪ್ಯಾಂಟು ಮೊಣಕಾಲ ಮೇಲೆ ಮಡಚಿ ಹುಡುಗನ ಹಾಗೆ ನಡೆಯುತ್ತಿದ್ದರು. ಅವರ ಹಿಂದೆ ಚೌಕಟ್ಟನ್ನು ಕೊರಳಿಗೆ ಹಾಕಿಕೊಂಡ ಲಿಡ್ವಿನ್, "ನನಗೆ ಫ್ರೇಮು ಹಾಕಿ ಗೋಡೆಗೆ ತೂಗಿಸಿದ್ದೇ ಆಯ್ತು, ಇನ್ನು ಮಾಲೆ ಹಾಕುವುದು ಒಂದು ಬಾಕಿ" ಎಂದು ನಗಿಸುತ್ತಿದ್ದ. ನಳಿನಾಕ್ಷಿ ನಗಲಿಲ್ಲ. ಪಕ್ಕದ ಎರ್ಮಾಳಿನ ಮೀನುಗಾರರ ಮನೆಯ ಹುಡುಗಿ ಅವಳು. ಆರನೆಯ ಬಂಡೆಯನ್ನು ಕೇಳಿ ತೆಗೆದುಕೊಂಡವಳು. ಅವಳು ತಿರುಗಿ ಸ್ಟ್ಯಾನಿಸ್ಲಾಸನನ್ನು ಒಮ್ಮೆ ನೋಡಿದಳು. ಅದೇ ನೋಟ. ಹದಿನಾಲ್ಕು ದಿನಗಳಿಂದ ಅವನನ್ನು ತಿನ್ನುತ್ತಿದ್ದ ನೋಟ.

ಐದನೆಯ ಬಂಡೆಗೂ ಆರನೆಯದಕ್ಕೂ ನಡುವೆ ಎಂಟು ಮಾರು ಅಗಲದ ನೀರು, ಇಳಿತದಲ್ಲೂ ಸೊಂಟದ ತನಕ. ಪಚ್ಚಿಲೆ ಇರುವುದು ಅದರ ಕಡಲ ಬದಿಗೆ, ಈಚೆಯಿಂದ ಕಾಣುವುದಿಲ್ಲ. ಮೊದಲನೆಯ ದಿನವೇ ಅವನು ಅವಳಿಗೆ, "ನೀನು ಇಲ್ಲೇ ನಿಲ್ಲು. ಹೆಚ್ಚು ಕಡಿಮೆ ಆದರೆ ನಿನ್ನ ಅಮ್ಮನಿಗೆ ನಾನು ಎಂತ ಉತ್ತರ ಕೊಡುವುದು? ನಾನು ಎಣಿಸಿ ಬಂದು ಹೇಳುತ್ತೇನೆ, ನೀನು ಬರೆ" ಎಂದಿದ್ದ. "ಸರ್, ನಾನು ನಡೆಯಲು ಕಲಿತದ್ದೇ ಈ ನೀರಿನಲ್ಲಿ" ಎಂದಿದ್ದಳು ಅವಳು. "ಹೇಳಿದಷ್ಟು ಕೇಳು." ಕೇಳಿದಳು. ಅವನು ಐದನೆಯ ಬಂಡೆಯ ಹಿಂದಕ್ಕೆ ಬಳಸಿ ಹೋಗಿ, ಯಾರಿಗೂ ಕಾಣದ ಒಂದು ಮೂಲೆಯಲ್ಲಿ ಸೊಂಟದ ತನಕ ನೀರಿಗೆ ಇಳಿದು, ಕಲ್ಲನ್ನು ಎರಡೂ ಕೈಯಲ್ಲಿ ತಬ್ಬಿ ಕಣ್ಣು ಮುಚ್ಚಿ ನಿಂತುಕೊಂಡ. ಹೊತ್ತು ತಿಳಿಯಲು ಬೆರಳು ಮಡಚುತ್ತ ಹತ್ತು ಸಲ ನಮೋ ಮರಿಯಾ ಪ್ರಾರ್ಥನೆ ಹೇಳಿದ. ಆರನೆಯ ಬಂಡೆಯ ಲೆಕ್ಕದಲ್ಲಿ ಅವನು ನಿಜವಾಗಿ ಎಣಿಸಿದ್ದೆಂದರೆ ಆ ಹತ್ತು ಮಾತ್ರ. ಆಮೇಲೆ ಒದ್ದೆ ಪ್ಯಾಂಟಿನಲ್ಲಿ ಬಂದು ಮೂವತ್ತೆಂಟು ಎಂದ. ಹದಿನೈದು ದಿನ ಬಿಟ್ಟು ನಲವತ್ತೈದು. ಇಷ್ಟು ಸುಲಭವಾ ಎಂದು ಆಶ್ಚರ್ಯವಾಗಿತ್ತು. ಮೂರನೆಯ ಸಲ ನಲವತ್ತೆರಡು ಎಂದಾಗ ಅವಳ ಪೆನ್ಸಿಲು ನಿಂತಿತು.

"ನಲವತ್ತೆರಡಾ ಸರ್?"

"ಹೌದು."

ಅವಳು ತಲೆ ಎತ್ತಿ ಅವನ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ತನ್ನ ದುಂಡಗಿನ ಅಕ್ಷರದಲ್ಲಿ ನಲವತ್ತೆರಡು ಎಂದು ಬರೆದಳು. ಎಣಿಸಿದವರು ಎಂಬಲ್ಲಿ ಅವಳ ಹೆಸರು, ಪಕ್ಕದಲ್ಲಿ ಅವನ ರುಜು.

ಅವಳಿಗೆ ಗೊತ್ತು. ಗೊತ್ತಿಲ್ಲದೆ ಯಾರೂ ಹಾಗೆ ನೋಡುವುದಿಲ್ಲ. ಮುಂದಿನ ಶನಿವಾರ ಅವನು ಉಡುಪಿಗೆ ಮನೆಗೆ ಹೋದವನು ಮೀನು ಮಾರ್ಕೆಟಿಗೆ ಹೋದರೆ, ಅಲ್ಲಿ ನಳಿನಾಕ್ಷಿಯ ಅಮ್ಮ ಸರಸಕ್ಕ ಬುಟ್ಟಿಯ ಎದುರು ಕೂತಿದ್ದಳು. ಕಾಪು, ಎರ್ಮಾಳಿನ ಹೆಂಗಸರ ಪರವಾಗಿ ಅವನಿಗೆ ಮಾತು ಕೊಟ್ಟವಳು ಅವಳೇ: ಕೆಂಪು ನಂಬರು ಹಾಕಿದ ಆರು ಬಂಡೆಗಳಿಂದ ಈ ಆರು ವಾರ ಯಾರೂ ಮಾರಲು ಪಚ್ಚಿಲೆ ತೆಗೆಯುವುದಿಲ್ಲ ಎಂದು. "ಇಲ್ಲಿ ಬನ್ನಿ ಮಾಸ್ಟ್ರೆ" ಎಂದು ಕರೆದು, ಹತ್ತು ಒಳ್ಳೆಯ ಬಂಗುಡೆ ಆರಿಸಿ ಎಲೆಯಲ್ಲಿ ಕಟ್ಟಿ ಕೈಗೆ ಹಾಕಿದಳು. ಅವನು ಕಿಸೆಗೆ ಕೈ ಹಾಕಿದರೆ, "ಬೇಡ ಬೇಡ, ನಿಮ್ಮ ಹತ್ತಿರ ಹಣ ತೆಗೆದುಕೊಂಡರೆ ನನಗೆ ಮೀನು ಸಿಕ್ಕೀತಾ? ಮಗಳು ಎಲ್ಲ ಹೇಳಿದ್ದಾಳೆ" ಎಂದು ನಕ್ಕಳು. ಎಲ್ಲ ಹೇಳಿದ್ದಾಳೆ. ಆ ಕಟ್ಟನ್ನು ಹಿಡಿದುಕೊಂಡು ಮನೆಯ ತನಕ ನಡೆಯುವಾಗ ಎಲೆಯಿಂದ ಸೋರಿದ ನೀರು ಮೊಣಕೈ ತನಕ ಇಳಿದಿತ್ತು. ಬಾಯಿ ಮುಚ್ಚಿಕೊಂಡಿರಲು ಇವರು ಬೆಲೆ ಕೇಳುವುದು ಬಿಟ್ಟು ಬೆಲೆ ಕೊಡುವುದು ಯಾಕೆ? ಹಾಸ್ಯ ಮಾಡುತ್ತಿದ್ದಾರೆ. ಮೀನಿನವರಿಗೆ ನೀರಿಗೆ ಹೆದರುವವನೆಂದರೆ ಹಾಸ್ಯವಲ್ಲದೆ ಇನ್ನೇನು? ರೋಸಲಿನ್ ಬಂಗುಡೆ ಕಾಯಿಸಿ ಬಡಿಸಿ, "ಎಷ್ಟು ಫ್ರೆಶ್ ಉಂಟು, ಎಷ್ಟಕ್ಕೆ ಸಿಕ್ಕಿತು?" ಎಂದು ಕೇಳಿದಳು. ಅವನು ಅಲ್ಲೂ ಒಂದು ಅಂಕೆ ಹೇಳಿದ. ಸಂಜೆ ಇಗರ್ಜಿಯಲ್ಲಿ ಪಾಪನಿವೇದನೆಗೆ ಮೊಣಕಾಲೂರಿದಾಗ "ಫಾದರ್, ನಾನು ನಲವತ್ತೆರಡು ಎಂದೆ" ಎಂಬ ವಾಕ್ಯ ನಾಲಿಗೆಯ ತುದಿಗೆ ಬಂತು. ಕೇಳಿದರೆ ಫಾದರ್ ನಕ್ಕುಬಿಡಬಹುದು ಎನ್ನಿಸಿ, ಹೆಂಡತಿಯ ಮೇಲೆ ಸಿಟ್ಟು ಮಾಡಿದೆ ಎಂದು ಹೇಳಿ ಎದ್ದು ಬಂದ. ಸಿಟ್ಟು ಮಾಡಿರಲಿಲ್ಲ.

ಈಗ ಒಂದನೆಯ ಬಂಡೆ ದಾಟಿದ್ದಾಯಿತು. ಎರಡು. ನೀರು ಪಾದಕ್ಕೆ ತಾಗಿದ ಕೂಡಲೇ ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಈ ಹೆದರಿಕೆ ಇವತ್ತಿನದಲ್ಲ. ಚಿಕ್ಕಂದಿನಲ್ಲಿ ಕಾರ್ಕಳದ ಮನೆಯ ಹಿಂದೆ ಕೆಂಪುಕಲ್ಲು ಕಡಿದ ಹೊಂಡದಲ್ಲಿ ಮಳೆಯ ನೀರು ನಿಂತಿತ್ತು, ಚಹಾದ ಬಣ್ಣ. ದೊಡ್ಡಪ್ಪನ ಮಗ ಬ್ಯಾಪ್ಟಿಸ್ಟ್ ಹಿಂದಿನಿಂದ ದೂಡಿದ. ಒಳಗೆ ಕಣ್ಣು ತೆರೆದರೆ ಎಲ್ಲ ಕಡೆಯೂ ಒಂದೇ ಕೆಂಪು, ಮೇಲೆ ಯಾವುದು ಕೆಳಗೆ ಯಾವುದು ಗೊತ್ತಿಲ್ಲ. ಅಮ್ಮ ಬರ್ತಾಬಾಯಿ ಕೂದಲು ಹಿಡಿದು ಎಳೆದು ಹಾಕಿ ಮೊದಲು ಕೆನ್ನೆಗೆ ಒಂದು ಕೊಟ್ಟಳು, ಆಮೇಲೆ ಅತ್ತಳು. ಅದು ಆಗಿಹೋದ ಸಂಗತಿ, ಮರೆಯಬಹುದಿತ್ತು. ಆದರೆ ಇವನ ಮದುವೆಯ ಹಿಂದಿನ ಸಂಜೆ, ಶಾಸ್ತ್ರದಂತೆ ತಲೆಗೆ ತೆಂಗಿನ ಹಾಲು ಹೊಯ್ಯುವಾಗ, ಬ್ಯಾಪ್ಟಿಸ್ಟ್ ಎಲ್ಲರೆದುರು ಕಣ್ಣು ಮೇಲೆ ಮಾಡಿ ಕೈಕಾಲು ಬಡಿದು, "ನಮ್ಮ ಸ್ಟ್ಯಾನಿ ಮುಳುಗಿದ, ಯಾರಾದರೂ ಸೀರೆ ಕೊಡಿ ಹಿಡಿಯಲಿಕ್ಕೆ" ಎಂದು ಆಡಿ ತೋರಿಸಿದ್ದ. ಮುನ್ನೂರು ಮಂದಿ ನಕ್ಕಿದ್ದರು. ಮರುದಿನ ಆ ಸುದ್ದಿ ಕೇಳಿ ರೋಸಲಿನ್ ಸಹ ನಕ್ಕಳು, ಒಳ್ಳೆಯ ಮನಸ್ಸಿನಿಂದಲೇ. ಕಡಲಿನ ಪಾಠ ಹೇಳುವ ಕೆಲಸಕ್ಕೆ ಅರ್ಜಿ ಹಾಕಿದಾಗ ಅವನು ಯೋಚಿಸಿದ್ದು ಜಾಡಿಗಳೊಳಗಿನ ಕಡಲನ್ನು.

"ಸ್ಟ್ಯಾನಿಸ್ಲಾಸ್, ನೀವು ಮುಂದೆ ಬನ್ನಿ" ಡಾಕ್ಟರ್ ಐದನೆಯ ಬಂಡೆಯ ತುದಿಯಲ್ಲಿ ನಿಂತು ಕೂಗಿದರು. "ನಿಮಗೆ ದಾರಿ ಗೊತ್ತುಂಟಲ್ಲ. ಎಲ್ಲಿ ಕಾಲಿಡುವುದು?"

ಬೆಳಕು ಬಂದಿತ್ತು. ಎಂಟು ಮಾರು ನೀರು ಉಸಿರಾಡುವ ಹಾಗೆ ಏರಿ ಇಳಿಯುತ್ತಿತ್ತು. ಇಳಿದಾಗ ಅಡಿಯ ಕಪ್ಪು ಕಲ್ಲುಗಳು ಕಾಣಿಸಿ, ಏರಿದಾಗ ಮಾಯವಾಗುತ್ತಿದ್ದವು. ಇವುಗಳಲ್ಲಿ ಯಾವುದರ ಮೇಲೆ ಕಾಲಿಡುವುದು? ಆರು ವಾರಗಳಲ್ಲಿ ಮೂರು ಸಲ ದಾಟಿ ಬಂದವನಿಗೆ ಗೊತ್ತಿರಬೇಕು. ಕಾಲು ಜಾರಿತು ಎನ್ನಲೇ? ಎದೆ ನೋವು ಎನ್ನಲೇ? ಈಗಲೇ, ಈ ಕ್ಷಣವೇ, ಸರ್ ನಾನು ಆ ಬಂಡೆಯನ್ನು ನೋಡಿಯೇ ಇಲ್ಲ ಎಂದು ಹೇಳಿಬಿಟ್ಟರೆ? ಬಾಯಿ ತೆರೆದ. ಅಂಕೆಗಳು ಅಷ್ಟು ಸಲೀಸಾಗಿ ಬಂದಿದ್ದ ಬಾಯಿಯಿಂದ ಈಗ ಒಣಗಿದ ಗಾಳಿ ಮಾತ್ರ ಬಂತು.

"ನಾನು ಮುಂದೆ ಹೋಗುತ್ತೇನೆ ಸರ್" ಎಂದು ನಳಿನಾಕ್ಷಿ ಲಂಗವನ್ನು ಎತ್ತಿ ಕಟ್ಟಿ ನೀರಿಗೆ ಇಳಿದೇಬಿಟ್ಟಳು. ತಿರುಗಿ ಅವನ ಮಣಿಕಟ್ಟು ಹಿಡಿದಳು. "ಇಲ್ಲಿ ಇಡಿ. ಎಡಕ್ಕೆ ಬೇಡ, ಅಲ್ಲಿ ಹೊಂಡ ಉಂಟು. ನೀರು ಏರುವಾಗ ನಿಲ್ಲಿ, ಇಳಿಯುವಾಗ ನಡೆಯಿರಿ." ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು. ಒಂದು ಅಲೆ ಎದೆಗೆ ಹೊಡೆದಾಗ ಅವನ ಗಂಟಲಿನಿಂದ ಒಂದು ಸದ್ದು ಹೊರಟಿತು, ಹಂದಿಮರಿಯ ಸದ್ದಿನ ಹಾಗೆ. ಬೇರೆಯವರ ಜತೆ ಐದನೆಯ ಬಂಡೆಯ ಮೇಲೆ ಉಳಿದ ಲಿಡ್ವಿನ್ "ಸರ್, ಈಗ ಕೂಗಿದ್ದು ಯಾವ ಜಾತಿಯ ಜೀವಿ?" ಎಂದ. ಅವಳ ಕೈ ಮಾತ್ರ ಸಡಿಲಾಗಲಿಲ್ಲ.

ಬಂಡೆಯ ಕಡಲ ಬದಿ ಬೋಳಾಗಿತ್ತು.

ಒಂದೇ ಒಂದು ಪಚ್ಚಿಲೆ ಇರಲಿಲ್ಲ. ಅಲ್ಲಲ್ಲಿ ಅಂಗೈಯಗಲದ ಹಸಿರು ಪಾಚಿ, ಪಾಚಿಯ ನಡುವೆ ಉಳಿಯಿಂದ ಕೆರೆದ ಬಿಳಿಯ ಗೆರೆಗಳು. ಸ್ಟ್ಯಾನಿಸ್ಲಾಸ ಜೀವನದಲ್ಲಿ ಮೊದಲ ಸಲ ಆ ಬಂಡೆಯನ್ನು ನೋಡುತ್ತಿದ್ದ. ಡಾಕ್ಟರ್ ಹಿಂದೆಯೇ ದಾಟಿ ಬಂದು, ಕುಕ್ಕರುಗಾಲಲ್ಲಿ ಕೂತು ಪಾಚಿಯನ್ನು ಉಗುರಿನಿಂದ ಕೆರೆದು ಮೂಸಿದರು. "ಯಾರೋ ಪೂರ್ತಿ ತೆಗೆದಿದ್ದಾರೆ. ಪಾಚಿ ಇಷ್ಟು ಬರಬೇಕಾದರೆ ಮೂರು ವಾರ ಆಗಿರಬೇಕು." ಅವರು ಪುಸ್ತಕ ಕೇಳಿ ತೆಗೆದುಕೊಂಡು ಕೊನೆಯ ಹಾಳೆ ತೆರೆದರು. "ಹದಿನಾಲ್ಕು ದಿನದ ಹಿಂದೆ ನಲವತ್ತೆರಡು." ಅವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. "ಇದು ಯಾರು ಎಣಿಸಿದ್ದು?"

ಒಂದು ಅಲೆ ಬಂದು ಬಂಡೆಗೆ ಬಡಿದು ಹೋಯಿತು. ಇನ್ನೊಂದು ಬಂತು. ಈಗ ಹೇಳುತ್ತೇನೆ, ಈ ಅಲೆ ಹೋಗಲಿ, ಎಂದುಕೊಂಡ ಸ್ಟ್ಯಾನಿಸ್ಲಾಸ. ಅದು ಹೋಯಿತು. ಇನ್ನೊಂದು ಹೋಗಲಿ. ಐದು ಮಕ್ಕಳು ಐದನೆಯ ಬಂಡೆಯಿಂದ ಈಚೆ ನೋಡುತ್ತಿದ್ದರು. ರೋಸಲಿನ್ ಹಾಕಿದ ಎರಡನೆಯ ಮೊಟ್ಟೆ ಯಾಕೋ ಕಣ್ಣೆದುರು ಬಂತು, ಬೆಳ್ಳಗೆ, ದುಂಡಗೆ.

"ನಾನು ಸರ್" ಎಂದಳು ನಳಿನಾಕ್ಷಿ.

"ಎಣಿಸಿದೆಯಾ?"

"ಇಲ್ಲ ಸರ್. ಎಣಿಸದೆ ಬರೆದೆ. ಸ್ಟ್ಯಾನಿಸ್ಲಾಸ್ ಸರ್ ಆ ಬದಿಯಲ್ಲಿ ನಿಂತಿದ್ದರು. ಹೋಗಿ ಬಂದೆ ಎಂದು ಅವರಿಗೆ ಸುಳ್ಳು ಹೇಳಿದೆ."

"ಎಂತಕ್ಕೆ?"

ಅವಳು ಒಂದು ಕ್ಷಣ ತಡವರಿಸಿದಳು, ಕಾರಣ ಹುಡುಕುವವಳ ಹಾಗೆ. "ಹೆದರಿಕೆ ಸರ್. ನೀರಿನ ಹೆದರಿಕೆ."

"ಎರ್ಮಾಳಿನವಳಿಗೆ ನೀರಿನ ಹೆದರಿಕೆಯಾ!" ಲಿಡ್ವಿನ್ ಆಚೆಯಿಂದ ತಡೆಯಲಾರದೆ ನಕ್ಕುಬಿಟ್ಟ. ಬೇರೆಯವರೂ ನಕ್ಕರು. ಅವಳ ಕಿವಿ ಕೆಂಪಾಯಿತು. ಮುನ್ನೂರು ಮಂದಿಯ ನಗು ಸ್ಟ್ಯಾನಿಸ್ಲಾಸನ ಕಿವಿಯಲ್ಲಿ ಕೇಳಿಸಿತು, ತೆಂಗಿನ ಹಾಲು ಕಣ್ಣಿಗೆ ಇಳಿದ ಹಾಗೆ ಉರಿಯಿತು. ಅವನ ಹೆದರಿಕೆಯನ್ನು, ಅವನು ಹೆಂಡತಿಗೂ ಪೂರ್ತಿ ಹೇಳದ ಹೆದರಿಕೆಯನ್ನು, ಅವಳು ಎಲ್ಲರೆದುರು ತನ್ನದೆಂದು ಹೇಳಿದ್ದಳು.

ಡಾಕ್ಟರ್ ಪುಸ್ತಕ ಮುಚ್ಚಿದರು. "ಮಗು, ತಪ್ಪು ಎಣಿಸಿದರೆ ತಿದ್ದಬಹುದು. ನಾನೂ ತಪ್ಪು ಎಣಿಸಿದವನೇ. ಎಣಿಸದೆ ಬರೆದವರನ್ನು ನಾನು ಎಂತ ಮಾಡಲಿ? ನಿನ್ನೆ ರಾತ್ರಿ ಬರೆದ ಎರಡು ಹೆಸರಿನಲ್ಲಿ ಮೊದಲನೆಯದು ನಿನ್ನದೇ ಇತ್ತು." ಆಮೇಲೆ ಸ್ಟ್ಯಾನಿಸ್ಲಾಸನ ಕಡೆಗೆ ತಿರುಗಿದರು. "ನೀವು ನೋಡದೆ ರುಜು ಹಾಕಿದಿರಾ?"

"ನಂಬಿದೆ ಸರ್" ಎಂದು ಅವನ ಬಾಯಿ ಹೇಳಿತು.

"ಮಕ್ಕಳನ್ನು ನಂಬಬೇಕು, ನಿಜವೇ" ಎಂದು ಅವರು ಅವನ ಭುಜ ತಟ್ಟಿ ಎದ್ದರು. "ಇನ್ನು ಮುಂದೆ ಜತೆಗೆ ಹೋಗಿ." ಅವರು ಸಲೀಸಾಗಿ ನೀರು ದಾಟಿ ಆಚೆಗೆ ಹೋದರು.

ಬಂಡೆಯ ಮೇಲೆ ಇಬ್ಬರೇ ಉಳಿದರು. ನಳಿನಾಕ್ಷಿ ಮುಖ ತೊಳೆದುಕೊಳ್ಳುವವಳಂತೆ ಬಗ್ಗಿ ನೀರು ಹಾಕಿಕೊಂಡಳು. ನೆಟ್ಟಗೆ ನಿಂತಾಗ ಕಣ್ಣು ಕೆಂಪಿದ್ದರೂ ಧ್ವನಿ ಗಟ್ಟಿಯಿತ್ತು. "ನೀವು ಬೇಜಾರು ಮಾಡಬೇಡಿ ಸರ್. ಋಣ ತೀರಿಸಿದೆ ಅಷ್ಟೆ. ಅಮ್ಮನಿಗಾಗಿ ನೀವು ಸುಳ್ಳು ಬರೆಸಿದಿರಿ. ನಿಮಗಾಗಿ ನಾನು ಒಂದು ಹೇಳಬೇಡ್ವಾ?"

"ಅಮ್ಮನಿಗಾಗಿ?"

"ನಿಮಗೆ ಗೊತ್ತಿದೆ ಎಂದು ನನಗೆ ಆ ದಿನವೇ ಗೊತ್ತಾಯಿತು. ಈ ದೊಡ್ಡ ಬಲೆಯ ಪರ್ಸೀನ್ ಬೋಟುಗಳು ಬಂದ ಮೇಲೆ ನಮ್ಮ ಬಲೆಗೆ ಎಂತ ಉಂಟು ಸರ್? ನಾಲ್ಕು ದಿನ ಮಾರಲಿಕ್ಕೆ ಒಂದು ಮೀನಿರಲಿಲ್ಲ. ಅಮ್ಮ ಮಾತು ಕೊಟ್ಟವಳು, ಆದರೂ ಬಂದು ಇದನ್ನು ಕೆರೆದಳು. ದೂರದ ಬಂಡೆ, ಯಾರೂ ನೋಡಲಿಕ್ಕಿಲ್ಲ ಎಂದು. ನೀವು ಎಣಿಸಲು ಬಂದ ದಿನ ನಾನು ಹೆದರಿಕೊಂಡೇ ಕಾಯುತ್ತಿದ್ದೆ. ಸೊನ್ನೆ ಎನ್ನುತ್ತೀರಿ, ಅಮ್ಮನ ಮಾನ ಹೋಗುತ್ತದೆ ಎಂದು. ನೀವು ಈ ಬೋಳು ಕಲ್ಲನ್ನು ನೋಡಿ ಬಂದು ನಲವತ್ತೆರಡು ಎಂದಿರಿ." ಅವಳು ಮೂಗು ಒರೆಸಿಕೊಂಡು ಸ್ವಲ್ಪ ನಕ್ಕಳು. "ಮನೆಗೆ ಹೋಗಿ ಹೇಳಿದರೆ ಅಮ್ಮ ಅತ್ತೇಬಿಟ್ಟಳು. ಅಂಥ ಮಾಸ್ಟ್ರು ಇದ್ದಾರಾ ಎಂದು."

ಹದಿನಾಲ್ಕು ದಿನ ಅವನು ಹೆದರಿದ ನೋಟ ಇದಾಗಿತ್ತು. ಬಂಗುಡೆಯ ಕಟ್ಟು ಇದಾಗಿತ್ತು. ತಿರಸ್ಕಾರವಾಗಿದ್ದರೆ ಸಹಿಸಬಹುದಾಗಿತ್ತು. ಇದನ್ನು ಎಲ್ಲಿ ಇಟ್ಟುಕೊಳ್ಳುವುದು ಎಂದು ಅವನಿಗೆ ಗೊತ್ತಾಗಲಿಲ್ಲ. ಹೇಳು, ಹೇಳಿಬಿಡು, ಇಲ್ಲಿ ಯಾರೂ ಇಲ್ಲ, ಇವಳೊಬ್ಬಳಿಗೆ ಹೇಳಿದರೂ ಸಾಕು.

"ನೀರು ಏರಲು ಶುರುವಾಯಿತು, ಬನ್ನಿ" ಎಂದು ಅವಳು ಮತ್ತೆ ಅವನ ಮಣಿಕಟ್ಟು ಹಿಡಿದು ಇಳಿದಳು. ನಡುನೀರಿನಲ್ಲಿ ಅವನ ಕಾಲು ಪಕ್ಕಕ್ಕೆ ಹೋಯಿತು, ಬರುವಾಗ ಅವಳು ಬೇಡ ಎಂದಿದ್ದ ಹೊಂಡದ ಕಡೆಗೆ. ಗಲ್ಲದ ತನಕ ನೀರು ಬಂದು, ಅವನು ಎರಡೂ ಕೈಯಲ್ಲಿ ಅವಳ ತೋಳನ್ನು ತಬ್ಬಿಕೊಂಡ, ಕಲ್ಲನ್ನು ತಬ್ಬುತ್ತಿದ್ದ ಹಾಗೆಯೇ, ಕಣ್ಣು ಮುಚ್ಚಿ. ಅವಳು ಎಳೆದು ನಿಲ್ಲಿಸಿದಳು. ಅವಳು ಅವನ ಕೈಗಳನ್ನು ನೋಡಿದಳು, ಮುಖವನ್ನು ನೋಡಿದಳು, ತಿರುಗಿ ಬಂಡೆಯನ್ನು ನೋಡಿದಳು.

"ಸರ್" ಎಂದು ಮೆಲ್ಲಗೆ ಕೇಳಿದಳು, "ನೀವು ಮೊದಲು ಇಲ್ಲಿಗೆ ಬಂದಿದ್ದೀರಿ, ಅಲ್ವಾ?"

ನೀರು ಏರಿತು, ಇಳಿಯಿತು.

"ಬಂದಿದ್ದೇನೆ" ಎಂದ ಸ್ಟ್ಯಾನಿಸ್ಲಾಸ.

ಅವಳು ಮರಳು ಸಿಗುವ ತನಕ ಕೈ ಬಿಡಲಿಲ್ಲ. ಬಿಟ್ಟ ಮೇಲೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಬೇರೆಯವರ ಜತೆಗೂ ಸೇರದೆ, ಒಬ್ಬಳೇ ಶಾಲೆಯ ಕಡೆಗೆ ನಡೆದಳು.

ಮಧ್ಯಾಹ್ನ ಮಣಿಪಾಲದಲ್ಲಿ ಲಿಡ್ವಿನ್‌ನ ಹೆಸರನ್ನೂ ಇನ್ನೊಬ್ಬಳ ಹೆಸರನ್ನೂ ಹೇಳಿದರು. ಜೂನ್ ಹನ್ನೊಂದಕ್ಕೆ ಸ್ಟ್ಯಾನಿಸ್ಲಾಸನ ಕೆಲಸ ಖಾಯಂ ಆಯಿತು, ಸಂಬಳ ಎಪ್ಪತ್ತು ರೂಪಾಯಿ ಏರಿತು. ನಳಿನಾಕ್ಷಿ ಕೊನೆಯ ವರ್ಷಕ್ಕೆ ಕಾಲೇಜಿಗೆ ಬರಲಿಲ್ಲ; ಅಮ್ಮನ ಜತೆ ಬುಟ್ಟಿ ಹೊರುತ್ತಾಳೆ ಎಂದು ಯಾರೋ ಹೇಳಿದರು. ರೋಸಲಿನ್ ಅದೇ ಮಾರ್ಕೆಟಿನಿಂದ ಮೀನು ತರುತ್ತಾಳೆ, ಅವನು ಹೋಗುವುದಿಲ್ಲ. ಆರನೆಯ ಬಂಡೆಯಲ್ಲಿ ಮಳೆಗಾಲ ಕಳೆದ ಮೇಲೆ ಪಚ್ಚಿಲೆ ಮತ್ತೆ ಬಂದಿತಂತೆ. ಎಷ್ಟು ಎಂದು ಯಾರೂ ಎಣಿಸಿಲ್ಲ.